ಮೆಟ್ಟಿಲಿಳಿದ ನೀರು

ನಗಬೇಡ ಅಕ್ಕಾ! ನಗೋ ಮಾತಾ ಇದು? ಇಡೀ ಆಫೀಸಿನವರು ಥಿಯೇಟರಲ್ಲಿ ಕೂತಿದ್ರು, ನಾವು ಮಾಡಿದ ಸಿನಿಮಾನ ನಾವೇ ಮೊದಲು ನೋಡೋಕೆ ಅಂತ. ತೆರೆ ಮೇಲೆ ಹರಿದಿದ್ದು ನನ್ನ ನೀರು... ಹೆಸರು ಬಂದಿದ್ದು ಯಾರದ್ದು? ಮೀಸೆದು! ನಮ್ಮ ದೊಡ್ಡ ಸಾಹೇಬ್ರದ್ದು! ಎಲ್ಲರೂ ಚಪ್ಪಾಳೆ ತಟ್ಟಿದ್ರು. ನೀನೂ ತಟ್ಟಿದೆ, ನನ್ನ ಪಕ್ಕದಲ್ಲೇ ಕೂತ್ಕೊಂಡು.

ಇರ್ಲಿ ಬಿಡು. ಸಾಹೇಬ್ರು ಅಂದ್ಮೇಲೆ ತಟ್ಟಲೇಬೇಕಲ್ಲ.

ಆದ್ರೆ ನೆನಪಿದ್ಯಾ, ಆ ನೀರು ನನ್ನ ಎಷ್ಟು ಸತಾಯಿಸ್ತು ಅಂತ? ಅನಿಮೇಷನ್ ಮಾಡೋರು ಹುಲಿಗೂ ಹೆದರಲ್ಲ, ನೀರಿಗೆ ಹೆದರ್ತಾರೆ... ಕೆಲಸ ಕಲಿಸೋವಾಗ ನೀನೇ ಹೇಳಿದ್ದೆ. ಹುಡುಗಿ ಕೈಯಿಂದ ಬಕೆಟ್ಟು ಜಾರತ್ತೆ, ನೀರು ಮೆಟ್ಟಿಲಿಳಿದು ಬರತ್ತೆ. ಅಷ್ಟೇ ದೃಶ್ಯ. ಅಷ್ಟಕ್ಕೇ ನನ್ನ ಪ್ರಾಣ ಬಾಯಿಗೆ ಬಂತು! ಮೊದಲನೇ ಸಲ ಜೇನುತುಪ್ಪದ ಹಾಗೆ ಗಟ್ಟಿ. ಎರಡನೇ ಮೆಟ್ಟಿಲಲ್ಲೇ ಮುನಿಸ್ಕೊಂಡು ಕೂತುಬಿಡ್ತು. ತೆಳ್ಳಗೆ ಮಾಡಿದ್ರೆ ಮೆಟ್ಟಿಲೊಳಗೇ ತೂರಿ ಮಾಯ! ಇನ್ನೊಂದ್ಸಲ ಹನಿಹನಿಯೂ ಸಿಡಿದು ಚಾವಣಿಗೆ ಅಂಟ್ಕೊಳ್ತು... ಕೊನೆಗೆ ನಾವಿಬ್ರೂ ನಿಜವಾದ ಬಕೆಟ್ಟೇ ತಂದು ಈ ಕಟ್ಟಡದ ಮೆಟ್ಟಿಲ ಮೇಲೆ ಸುರಿದ್ವಲ್ಲ! ಕೆಳಗಿನ ಮನೆಯಾಕೆ ಪೊರಕೆ ಹಿಡ್ಕೊಂಡು ಬಂದಾಗ ನೀನು ಬಾಗಿಲ ಹಿಂದೆ, ಬೈಸ್ಕೊಂಡಿದ್ದು ನಾನು. ಆದ್ರೆ ಆವತ್ತು ಕಂಡೆ ಅಕ್ಕಾ, ನೀರು ಒಂದೇ ಸಮ ಇಳಿಯಲ್ಲ. ಅಂಚಿಗೆ ಬಂದು ಒಂಚೂರು ತಡೆಯತ್ತೆ... ಉಬ್ಬತ್ತೆ... ಆಮೇಲೆ ಬೀಳತ್ತೆ. ಅದನ್ನ ಕಂಪ್ಯೂಟರಿಗೆ ಕಲಿಸೋದ್ರೊಳಗೆ ಸಾಕುಸಾಕಾಯ್ತು. ಮೊದಲ ಸಲ ಹಾಗೇ ಬಿದ್ದಾಗ ನಾನು ಅತ್ತೇ ಬಿಟ್ಟೆ. ನೀನು ನನ್ನ ತಬ್ಕೊಂಡಿದ್ದೆ.

ಏನು? ಕುಡೀತೀನಿ ಚಹಾ, ಆರಿದ್ರೂ ಪರವಾಗಿಲ್ಲ. ಮಾತು ತಪ್ಪಿಸ್ಬೇಡ.

ಆ ಮೀಸೆ ಕಳ್ಳ! ನಾನು ಊಟಕ್ಕೆ ಎದ್ದಾಗ ನನ್ನ ಮೇಜಿನ ಹತ್ರ ಬಂದು ಎತ್ಕೊಂಡಿರ್ಬೇಕು, ಅಲ್ವಾ? ಹೂಂ... ತಲೆ ಆಡಿಸ್ತೀಯ. ನಿಂಗೂ ಹಾಗೇ ಅನ್ಸತ್ತಾ? ಮೊನ್ನೆ ತಾನೇ ನಿನ್ನನ್ನ ತಂಡದ ಮುಖ್ಯಸ್ಥೆ ಮಾಡಿ ಅವನ ಪಕ್ಕದ ಕೋಣೆ ಕೊಟ್ಟ, ಒಳ್ಳೆಯವನು ಅಂದ್ಕೊಂಡಿದ್ದೆ. ನಾಳೆ ಹೋಗಿ ಕೊರಳಪಟ್ಟಿ ಹಿಡೀತೀನಿ ನೋಡು! ಎಲ್ಲರೆದುರೇ ಕೇಳ್ತೀನಿ... ಬೇಡ್ವಾ? ಯಾಕೆ ಬೇಡ? ಕೈ ಯಾಕೆ ಹಿಡ್ಕೊಂಡೆ?

ಅಕ್ಕಾ... ಆ ನೀರು ಆಫೀಸಿಗೆ ಹೋಗೇ ಇರ್ಲಿಲ್ಲ. ಸರಿಯಾಗೋ ತನಕ ಯಾರಿಗೂ ತೋರಿಸಲ್ಲ ಅಂತ ಈ ಮನೆಯ ಕಂಪ್ಯೂಟರಲ್ಲೇ ಇಟ್ಟಿದ್ದೆ. ನೋಡಿದ್ದು ನೀನೊಬ್ಬಳೇ.

ನಂಗೆ ಥಿಯೇಟರಲ್ಲೇ ಗೊತ್ತಾಯ್ತು. ಆದ್ರೂ ದಾರಿಯುದ್ದಕ್ಕೂ ಮೀಸೆನೇ ಬೈದೆ, ಮನೆಗೆ ಬಂದೂ ಬೈದೆ. ಯಾಕೆ ಗೊತ್ತಾ? 'ಅವನ ಕೈಗೆ ಹೇಗೆ ಸಿಕ್ತೇ ಅದು?' ಅಂತ ನೀನು ಒಂದೇ ಒಂದು ಸಲ ಕೇಳ್ಲಿ ಅಂತ. ಕೇಳಿದ್ರೆ ಸಾಕಿತ್ತು. ನಾನೇ ಏನೋ ತಪ್ಪು ತಿಳ್ಕೊಂಡೆ ಅಂತ ಸುಮ್ನಾಗ್ತಿದ್ದೆ.

ಕೇಳ್ಲೇ ಇಲ್ವಲ್ಲೇ ನೀನು...

ಈಗ್ಲೂ ಕೇಳ್ತಿಲ್ಲ.