ನೆಲದಲ್ಲಿ ಕೂರುವ ಮೊಣಕಾಲು

ಅಧ್ಯಕ್ಷ ಸ್ಥಾನದಲ್ಲಿರುವ ವೆಂಕಟಕೃಷ್ಣ ಮಾಸ್ತರರೇ, ಇವತ್ತು ಸನ್ಮಾನದ ಶಾಲು ಹೊದ್ದು ಬೆವರುತ್ತಿರುವ ಎಂಜಿನಿಯರ್ ಗೌತಮಿಯೇ, ಮಹಿಳಾ ಸಮಾಜದ ಸದಸ್ಯೆಯರೇ, ನೆಕ್ರಾಜೆಯಿಂದ ಬದಿಯಡ್ಕಕ್ಕೆ ಜೀಪಿನಲ್ಲಿ ಒತ್ತಿಕೊಂಡು ಬಂದ ಸಭಿಕರೇ,

ಇವತ್ತು ಏಕಾದಶಿ, ನನಗೆ ಉಪವಾಸ. ಬೆಳಿಗ್ಗೆ ಅಂಗಳ ಗುಡಿಸಿ, ಬಾವಿಯಿಂದ ನೀರು ಸೇದಿ, ಮಿಂದು, ತುಳಸಿಗೆ ನೀರೆರೆದು, ದೇವರಿಗೆ ದೀಪ ಹಚ್ಚಿ ಬಂದಿದ್ದೇನೆ. ಒಲೆಯ ಕೆಲಸ ಇಲ್ಲದ ಕಾರಣ ಈ ಭಾಷಣವನ್ನು ಗಟ್ಟಿಯಾಗಿ ಹೇಳಿ ನೋಡಲು ಸಮಯ ಸಿಕ್ಕಿತು. ಮನೆಯಲ್ಲಿ ಕೇಳುವವರು ಯಾರೂ ಇಲ್ಲ, ಹಾಗಾಗಿ ತಪ್ಪಿದರೂ ನಾಚಿಕೆಯಾಗಲಿಲ್ಲ. ಸಭೆಯ ಕೊನೆಗೆ ಗೋಳಿಬಜೆ ಉಂಟಂತೆ. ನನ್ನ ಪಾಲನ್ನು ಹಿಂದಿನ ಸಾಲಿನಲ್ಲಿ ಕೂತಿರುವ ನೆರೆಮನೆಯ ಪ್ರೇಮಾವತಿಗೆ ಕೊಡಬೇಕಾಗಿ ವಿನಂತಿ. ಅವಳು ಬಂದದ್ದೇ ಅದಕ್ಕೆ.

ನಾನು ಅನ್ನಪೂರ್ಣೇಶ್ವರಿ. ಊರ ಶಾಲೆಯಲ್ಲಿ ಏಳನೆಯವರೆಗೆ ಕಲಿತವಳು. ನನ್ನನ್ನು ಇಲ್ಲಿ ನಿಲ್ಲಿಸಿದ್ದು ಯಾಕೆ? ಗೌತಮಿ ಮತ್ತು ಅವಳ ಜೊತೆಯವರು ಮಾಡಿದ ಕೃತಕ ಮೊಣಕಾಲನ್ನು ಮೊದಲು ಹಾಕಿಕೊಂಡು ನಡೆದವರಲ್ಲಿ ನಾನೂ ಒಬ್ಬಳು. ಇವತ್ತು ಅದರ ಮೇಲೆಯೇ ನಿಂತಿದ್ದೇನೆ.

ದೇಲಂಪಾಡಿಯ ತಿರುವಿನಲ್ಲಿ ಜೀಪು ಮಗುಚಿದ್ದು ನಿಮಗೆಲ್ಲ ಗೊತ್ತುಂಟು. ನನ್ನ ಬಲಗಾಲು ತೊಡೆಯ ನಡುವಿನಿಂದ ಹೋಯಿತು. ಯಜಮಾನರೂ ಹೋದರು. ಜನ ಕಾಲಿನ ವಿಷಯ ಕೇಳುತ್ತಾರೆ, ನಾನು ಕಾಲಿನ ವಿಷಯ ಹೇಳುತ್ತೇನೆ. ಇವತ್ತೂ ಕಾಲಿನ ವಿಷಯವೇ.

ಮೊಣಕಾಲು ಅಂದರೆ ಬಾಗಿಲಿನ ಬಿಜಾಗರಿ ಇದ್ದ ಹಾಗೆ ಎಂದು ನಾನು ಎಣಿಸಿದ್ದೆ. ಗೌತಮಿ ಹೇಳಿದಳು, "ಅಲ್ಲ ಅತ್ತೆ. ಬಿಜಾಗರಿ ಒಂದೇ ಜಾಗದಲ್ಲಿ ತಿರುಗ್ತದೆ. ದೇವರು ಕೊಟ್ಟ ಮೊಣಕಾಲು ಮಡಚುವಾಗ ಸ್ವಲ್ಪ ಉರುಳ್ತದೆ, ಸ್ವಲ್ಪ ಜಾರ್ತದೆ, ಚೂರು ತಿರುಚಿಕೊಳ್ತದೆ. ಅಷ್ಟನ್ನೂ ಕಬ್ಬಿಣಕ್ಕೆ ಕಲಿಸಬೇಕು." ಅವಳು ನನ್ನನ್ನು ಅತ್ತೆ ಎಂದೇ ಕರೆಯುವುದು. ಸಂಬಂಧ ಎಂತದ್ದೂ ಇಲ್ಲ. ಆದರೂ ಕೇಳಲಿಕ್ಕೆ ಒಳ್ಳೆಯದಾಗುತ್ತದೆ.

ಮೊದಲ ದಿನ ಅವಳು ಎಲ್ಲರಲ್ಲೂ ಒಂದೇ ಪ್ರಶ್ನೆ ಕೇಳಿದಳು, ಈ ಕಾಲಿನಿಂದ ನಿಮಗೆ ಎಂತ ಆಗಬೇಕು ಎಂದು. ಒಬ್ಬರು ಬಸ್ಸು ಹತ್ತಬೇಕು ಅಂದರು. ಒಬ್ಬರಿಗೆ ಸೈಕಲು ಬೇಕಿತ್ತು. ನಾನು ಹೇಳಿದೆ, "ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡಬೇಕು."

"ಟೇಬಲ್ಲಿದ್ದರೆ ಆಗ್ಲಿಕ್ಕಿಲ್ವಾ ಅತ್ತೆ?"

"ಆಗ್ಲಿಕ್ಕಿಲ್ಲ."

ಯಾಕೆ ಆಗಲಿಕ್ಕಿಲ್ಲ? ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಈ ಮೈಕಿನ ಮುಂದೆ ಹೇಳಬೇಕೆಂದೂ ಇರಲಿಲ್ಲ. ಆದರೆ ಮಾತು ಅಲ್ಲಿಗೇ ಬಂದು ನಿಂತಿದೆ.

ನನಗೆ ಒಬ್ಬಳು ತಂಗಿ ಇದ್ದಾಳೆ, ಸೌದಾಮಿನಿ. ನನ್ನ ಮನೆಯ ರಸ್ತೆಯಲ್ಲಿ ನೇರ ಹೋದರೆ ಅವಳ ಮನೆ. ಅವಳ ಮಗ ಜಿತೇಂದ್ರನ ಉಪನಯನಕ್ಕೆ ಮಡಚಲು ಬಾರದ ಹಳೆಯ ಗಟ್ಟಿ ಕೃತಕ ಕಾಲು ಹಾಕಿಕೊಂಡು ಹೋಗಿದ್ದೆ. ನಮ್ಮಲ್ಲಿ ಪಂಕ್ತಿ ಅಂದರೆ ನೆಲವೇ ಅಲ್ಲವೇ? ಬಾಳೆಲೆಯ ಸಾಲಿನಲ್ಲಿ ಎಲ್ಲರೂ ಕೂತರು. ನನಗೆ ಚಾವಡಿಯ ಮೂಲೆಯಲ್ಲಿ ಒಂದು ಟೇಬಲು, ಒಂದು ಕುರ್ಚಿ, ಒಂದು ಎಲೆ. ಕುರ್ಚಿಗೆ ಮೆತ್ತೆ ಹಾಕಿದ್ದಳು. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು, ನಾನು ಇಲ್ಲವೆನ್ನುವುದಿಲ್ಲ. ಆದರೆ ಬಡಿಸುವವರಿಗೆ ಅವಳು ದೂರದಿಂದ ಕೂಗಿ ಹೇಳುತ್ತಿದ್ದಳು, "ಟೇಬಲಿಗೆ ಸಾರು ಹೋಯ್ತಾ? ಟೇಬಲಿಗೆ ಹೋಳಿಗೆ ಹಾಕು ಮಾರಾಯ."

ಅಕ್ಕ ಎಂದು ಕರೆಸಿಕೊಂಡವಳು ಟೇಬಲಾಗಿ ಕೂತು ಎಷ್ಟು ಉಣ್ಣಬಹುದು? ಹೋಳಿಗೆ ಬರುವ ಮೊದಲೇ ಎದ್ದು ಬಂದೆ. ಪಂಕ್ತಿ ಮುಗಿಯದೆ ಏಳುವುದೆಂದರೆ ನಮ್ಮ ಕಡೆ ಆ ಮನೆಯವರ ಮುಖಕ್ಕೆ ಹೊಡೆದ ಹಾಗೆ. ಅವಳೂ ಮತ್ತೆ ನನ್ನ ಗೇಟು ದಾಟಲಿಲ್ಲ. ನಾಲ್ಕು ಮಳೆಗಾಲ ಕಳೆಯಿತು.

ಇರಲಿ. ಕಾಲಿನ ವಿಷಯಕ್ಕೆ ಬರುತ್ತೇನೆ.

ಹೊಸ ಮೊಣಕಾಲು ಬಂತು. ಮಡಚಿತು, ತಿರುಚಿತು, ನೆಲಕ್ಕೂ ಇಳಿಯಿತು. ಆದರೆ ಪ್ರತಿ ಸಲ ಪರೀಕ್ಷೆಗೆ ಬಿಚ್ಚಿದಾಗ ಒಳಗಿನ ಒಂದು ಪುಟ್ಟ ಬಳೆ, ಬುಷ್ ಎನ್ನುತ್ತಾರೆ, ಒಂದೇ ಬದಿಯಲ್ಲಿ ಸವೆದಿರುತ್ತಿತ್ತು. ಉಳಿದವರದ್ದು ಸಮ ಇತ್ತು. ವಿನ್ಯಾಸವೇ ತಪ್ಪಿದೆಯೆಂದು ಪಾಪ, ಅವರು ಮತ್ತೆ ಮತ್ತೆ ಚಿತ್ರ ಬರೆದರು, ಮತ್ತೆ ಮತ್ತೆ ಬಳೆ ಕಡೆದರು. ಕೊನೆಗೆ ಗೌತಮಿ ನನ್ನ ಮನೆಗೇ ಬಂದಳು. ಅಂಗಳದಲ್ಲಿ ನಿಂತು ನೆಲ ನೋಡಿದಳು. ತುಳಸಿಕಟ್ಟೆಯ ಸುತ್ತ ಹುಲ್ಲು ಹುಟ್ಟದೆ ಒಂದು ದಾರಿ ಬಿದ್ದಿತ್ತು.

"ದಿನಕ್ಕೆ ಎಷ್ಟು ಪ್ರದಕ್ಷಿಣೆ ಬರ್ತೀರಿ ಅತ್ತೆ?"

"ಎಣಿಸುವುದಿಲ್ಲ. ಒಳಗೆ ಕೂತರೆ ಗೋಡೆ ಕಾಣ್ತದೆ. ಸುತ್ತು ಬಂದರೆ ತುಳಸಿಯಾದರೂ ಕಾಣ್ತದೆ."

ಅವಳು ತಲೆಗೆ ಕೈ ಇಟ್ಟು ನಗಾಡಿದಳು. "ನಿಮ್ಮ ಪುಣ್ಯ ಪೂರ ನನ್ನ ಬುಷ್ಷಿಗೆ ತಾಗಿದೆ. ಯಾವಾಗಲೂ ಬಲಕ್ಕೇ ತಿರುಗ್ತಾ ಇದ್ದರೆ ಸವೆಯದೆ ಎಂತ ಮಾಡ್ತದೆ? ಸ್ವಲ್ಪ ದಿನ ಎಡಕ್ಕೆ ಬನ್ನಿ, ನೋಡುವ."

"ಅಪ್ರದಕ್ಷಿಣೆ ಬರುವುದು ಎಲ್ಲಿ ಅಂತ ಗೊತ್ತುಂಟಾ ನಿನಗೆ? ಸಾವಿನ ಮನೆಯಲ್ಲಿ. ನನ್ನಿಂದಾಗದು."

"ಹಾಗಾದ್ರೆ ನೇರ ನಡೀರಿ."

"ಎಲ್ಲಿಗೆ?"

ತಮಾಷೆಗೆ ಕೇಳಿದ್ದಲ್ಲ. ನೇರ ನಡೆಯಬೇಕಾದರೆ ಎಲ್ಲಿಗಾದರೂ ಹೋಗಬೇಕಲ್ಲ? ಗೌತಮಿಯ ನಗು ಅಲ್ಲಿಗೆ ನಿಂತಿತು. ಆಮೇಲೆ ಅವಳು ಪ್ರತಿ ಆದಿತ್ಯವಾರ ಬಂದು ನನ್ನ ಜೊತೆ ರಸ್ತೆಯಲ್ಲಿ ನಡೆದಳು. ಸೌದಾಮಿನಿಯ ಗೇಟಿನವರೆಗೆ ನೇರ ಹೋಗುವುದು, ಗೇಟು ಮುಟ್ಟದೆ ತಿರುಗುವುದು. ಒಳಗಿನಿಂದ ಒಗ್ಗರಣೆಯ ಪರಿಮಳ ಬರುತ್ತಿತ್ತು. ಒಂದು ದಿನ ಗೌತಮಿ ಕೇಳಿದಳು, "ಇದು ಯಾರ ಮನೆ ಅತ್ತೆ?"

"ಗೊತ್ತಿದ್ದವರದ್ದು," ಎಂದೆ.

ಬುಷ್ ಸಮವಾಗಿ ಸವೆಯಿತು. ಮೊಣಕಾಲು ಪರೀಕ್ಷೆಯಲ್ಲಿ ಗೆದ್ದಿತು. ಗೌತಮಿಯ ಕೆಲಸ ಮುಗಿಯಿತು. ಆದಿತ್ಯವಾರವೂ ಮುಗಿಯಿತು. ಅದು ಅವಳ ತಪ್ಪಲ್ಲ. ಎಂಜಿನಿಯರು ಕಾಲು ಮಾಡಿಕೊಡಬಹುದು, ಹೋಗಬೇಕಾದ ಮನೆಯನ್ನೂ ಅವಳೇ ಮಾಡಿಕೊಡಬೇಕೇ? ನಾನು ಪುನಃ ತುಳಸಿಕಟ್ಟೆಗೇ ಸುತ್ತು ಬರತೊಡಗಿದೆ. ಮನೆಯಲ್ಲಿ ನೆಲಕ್ಕೆ ಎಲೆ ಹಾಕಿ, ಕಾಲು ಮಡಚಿ ಕೂತು ಊಟ ಮಾಡುತ್ತೇನೆ. ಚೆನ್ನಾಗಿ ಕೂರಲಿಕ್ಕಾಗುತ್ತದೆ. ಆದರೆ ಒಂದೇ ಎಲೆ ಇದ್ದರೆ ಅದು ನೆಲದಲ್ಲಿದ್ದರೂ ಟೇಬಲೇ ಎಂದು ಈಗ ಗೊತ್ತಾಗಿದೆ.

ಗೌತಮಿ, ನಿನಗೆ ದೇವರು ಆಯುಸ್ಸು ಕೊಡಲಿ. ನಿನ್ನ ಮೊಣಕಾಲಿನಲ್ಲಿ ಕುಂದಿಲ್ಲ. ಇಷ್ಟು ಹೊತ್ತು ಕೇಳಿದ ಅಧ್ಯಕ್ಷರಿಗೆ, ಕರೆದ ಸಮಾಜದವರಿಗೆ, ಗೋಳಿಬಜೆಯ ಪರಿಮಳ ಬಂದರೂ ಎದ್ದು ಹೋಗದ ನಿಮಗೆಲ್ಲರಿಗೂ ನನ್ನ ವಂದನೆಗಳು.

ಇನ್ನೊಂದೇ ಮಾತು. ನಾಳೆ ದ್ವಾದಶಿ, ಬೆಳಿಗ್ಗೆ ಪಾರಣೆ. ಉಪವಾಸ ಬಿಡುವ ಆ ಊಟವನ್ನು ಒಬ್ಬಳೇ ಮಾಡಿ ಮಾಡಿ ನನಗೆ ಸಾಕಾಗಿದೆ. ಸೌದಾಮಿನಿ, ನೀನು ಸಭೆಗೆ ಬಂದದ್ದನ್ನು ನಾನು ಆಗಲೇ ನೋಡಿದ್ದೇನೆ. ನಾಳೆ ನಿನ್ನಲ್ಲಿಗೆ ಬರುತ್ತೇನೆ ಎಂದು ಎಣಿಸಿದ್ದೇನೆ. ಎಲೆ ನೆಲಕ್ಕೇ ಹಾಕು, ನಿನ್ನ ಎಲೆಯ ಹತ್ತಿರ. ಪಂಕ್ತಿ ಮುಗಿಯುವವರೆಗೆ ಏಳುವುದಿಲ್ಲ. ಬರಬಹುದಾ, ಬಾರದಾ? ಇಷ್ಟು ಜನರ ಎದುರು ನೀನು ಹೇಳುವುದು ಬೇಡ.

ಎಲ್ಲರಿಗೂ ನಮಸ್ಕಾರ.

ಪ್ರೇಮಾವತಿ, ನೀನು ಅವಳ ಪಕ್ಕದಲ್ಲೇ ಕೂತಿದ್ದಿ. ಗೋಳಿಬಜೆ ಆಮೇಲೆ ತಿನ್ನು. ಅವಳು ಎಂತ ಹೇಳಿದಳೆಂದು ಮೊದಲು ಬಂದು ನನಗೆ ಹೇಳು.