ನಿತ್ಯ ಬಸುರಿ ಕೇಳಿದ್ದು

ಕೊನೆಯ ಬಸ್ಸು ತಪ್ಪಿತ್ತು. ಹಾಗಾಗಿ ನಡೆದೇ ಬರುತ್ತಿದ್ದಳು, ನಮ್ಮ ಚಿಕ್ಕಮ್ಮನ ಮಗಳು. ಆಸ್ಪತ್ರೆಯ ಹಿಂದಿನ ಗೇಟು ದಾಟಿದರೆ ಒಂದು ಕಾಲುದಾರಿ, ಅದರ ಪಕ್ಕಕ್ಕೆ ಹಳೇ ಬಾವಿ. ಈಗ ಅದರಲ್ಲಿ ನೀರು ಸೇದುವವರಿಲ್ಲ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಗಾಳಿ ಬೀಸಿದರೆ ಜಾಲರಿ ಕಿರ್ರ್... ಅನ್ನುತ್ತದೆ. ಅವಳಿಗೆ ಅದೆಲ್ಲ ಅಭ್ಯಾಸ. ಹೆದರುವ ಪೈಕಿಯವಳೂ ಅಲ್ಲ.

ಅವತ್ತು ಗಾಳಿ ಇರಲಿಲ್ಲ. ಜಾಲರಿ ಸದ್ದು ಮಾಡಲಿಲ್ಲ. ಬಾವಿ ದಾಟಿ ಸ್ವಲ್ಪ ಮುಂದೆ ಬಂದಿದ್ದಳೋ ಇಲ್ಲವೋ... ಹಿಂದೆ ಸದ್ದು. ಪಚ್... ಪಚ್... ಒದ್ದೆಗಾಲಲ್ಲಿ ಸಿಮೆಂಟಿನ ಮೇಲೆ ನಡೆದ ಹಾಗೆ. ಇವಳು ನಿಂತಳು. ಅದೂ ನಿಂತಿತು. ಆಮೇಲೆ ಕಿವಿಯ ಹತ್ತಿರವೇ ಒಂದು ಪಿಸುದನಿ.

"ಸಿಸ್ಟರ್... ಮಗು ತೋರಿಸಿ."

ಓಡಬೇಕೆಂದರೆ ಕಾಲು ಬರಲಿಲ್ಲ. ಯಾಕೆಂದರೆ ಆ ದನಿ ಅವಳಿಗೆ ಚೆನ್ನಾಗಿ ಗೊತ್ತು. ತಿಂಗಳುಗಟ್ಟಲೆ ಕೇಳಿದ ದನಿ. ಆದರೆ ಆ ದನಿಯ ಹೆಂಗಸಿಗೆ ನಡೆಯುವುದಕ್ಕೆ ಕಾಲಿಲ್ಲ, ಮೈಯಿಲ್ಲ. ಅವಳು ಹುಟ್ಟಿದವಳೂ ಅಲ್ಲ, ಸತ್ತವಳೂ ಅಲ್ಲ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ತಲೆಬುಡ ಗೊತ್ತಾಗುವುದಿಲ್ಲ.

ಈ ಹುಡುಗಿಗೆ ಮನೆಯಲ್ಲಿ ಗಡಿಬಿಡಿ ಅಂತಲೇ ಹೆಸರು. ತಟ್ಟೆಯ ಮುಂದೆ ಕೂತರೆ ಎರಡು ತುತ್ತಿಗೆ ಎದ್ದಳು ಅಂತಲೇ ಲೆಕ್ಕ. ಕೂದಲು ಅರ್ಧ ಬಾಚಿಕೊಂಡು, ಉಳಿದರ್ಧವನ್ನು ದಾರಿಯಲ್ಲಿ ಬಾಚಿಕೊಳ್ಳುವವಳು. ಅವಳು ಹೆರಿಗೆ ಮಾಡಿಸುವ ಕೆಲಸ ಕಲಿಯಲು ಸೇರಿದಾಗ ಚಿಕ್ಕಮ್ಮನೇ ನಕ್ಕಿದ್ದಳು. ಮಗು ಬರುವುದು ಅದರ ಹೊತ್ತಿಗೆ, ಇವಳು ಅದನ್ನೂ ಅವಸರ ಮಾಡಿಸಿಯಾಳು ಅಂತ.

ಕಲಿಸುವ ರೀತಿ ಈಗ ಬೇರೆ. ಮೊದಲ ವರ್ಷದವರನ್ನು ನಿಜವಾದ ಬಸುರಿಯ ಹತ್ತಿರ ಬಿಡುವುದಿಲ್ಲ. ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಒಂದು ಖಾಲಿ ಕೋಣೆ ಇದೆ. ಅದರಲ್ಲಿ ಕಣ್ಣು, ಕಿವಿ ಎರಡನ್ನೂ ಮುಚ್ಚುವ ದಪ್ಪನೆಯ ಕಪ್ಪು ಕನ್ನಡಕ ಹಾಕಿಕೊಂಡು, ಎರಡೂ ಕೈಯಲ್ಲಿ ಒಂದೊಂದು ಹಿಡಿಕೆ ಹಿಡಿದು ನಿಲ್ಲಬೇಕು. ನಿಂತರೆ... ಕಂಪ್ಯೂಟರು ತೋರಿಸುವ ಚಿತ್ರದಲ್ಲಿ ಖಾಲಿ ಕೋಣೆಯೇ ಹೆರಿಗೆ ಕೋಣೆಯಾಗುತ್ತದೆ. ಮಂಚ, ಮಂಚದ ಮೇಲೆ ದೀಪ, ಟ್ರೇಯಲ್ಲಿ ಕತ್ತರಿ, ಹತ್ತಿ. ಮಂಚದ ಮೇಲೆ ನೋವು ತಿನ್ನುವ ಹೆಂಗಸು. ಅವಳು ಬೆವರುತ್ತಾಳೆ, ಹಲ್ಲು ಕಚ್ಚುತ್ತಾಳೆ, ನಿಮ್ಮ ಮುಖವನ್ನೇ ನೋಡುತ್ತಾಳೆ. ಕೈಯಲ್ಲಿರುವ ಹಿಡಿಕೆ ಗುರ್ರ್ ಅಂತ ಅದುರುತ್ತದೆ, ಅಷ್ಟು ಬಿಟ್ಟರೆ ಮುಟ್ಟಿದ್ದು ತಿಳಿಯುವುದಿಲ್ಲ.

ಬೆಳಗ್ಗೆಯಿಂದ ಸಂಜೆವರೆಗೆ ಒಬ್ಬಳಾದ ಮೇಲೆ ಒಬ್ಬಳು ಹುಡುಗಿ ಅವಳಿಗೇ ಹೆರಿಗೆ ಮಾಡಿಸಬೇಕು. ಹುಡುಗಿಯರು ಅವಳಿಗೆ ಇಟ್ಟ ಹೆಸರು ನಿತ್ಯ ಬಸುರಿ. ಪಾಪ, ಬಾಣಂತನ ಅನ್ನುವುದೇ ಇಲ್ಲ ಅಂತ ಕ್ಯಾಂಟೀನಿನಲ್ಲಿ ಕೂತು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಗಡಿಬಿಡಿ.

ಮಗು ಪೂರ್ತಿ ಹೊರಗೆ ಬಂದು ಅತ್ತ ಕೂಡಲೇ ಮೂಲೆಯಲ್ಲಿ ಹಸಿರು ಅಕ್ಷರದಲ್ಲಿ ಅಂಕ ಬೀಳುತ್ತಿತ್ತು. ಆಮೇಲಿನ ಕೆಲಸ, ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸುವುದು, ಮಾಸು ಬೀಳುವವರೆಗೆ ಕಾಯುವುದು, ಅದನ್ನೆಲ್ಲ ಪಕ್ಕದ ಕೋಣೆಯ ರಬ್ಬರ್ ಗೊಂಬೆಯ ಮೇಲೆ ಬೇರೆ ದಿನ ಕಲಿಸುತ್ತಿದ್ದರು. ಹಾಗಾಗಿ ಹಸಿರು ಕಂಡ ತಕ್ಷಣ ಹುಡುಗಿಯರು ಹಣೆಗೆ ಕೈ ಹಾಕಿ ಕನ್ನಡಕ ಕಿತ್ತುಬಿಡುತ್ತಿದ್ದರು. ಹೊರಗೆ ಸಾಲು ನಿಂತಿರುತ್ತದಲ್ಲ. ಸರಿಯಾಗಿ ಅದೇ ಹೊತ್ತಿಗೆ ಆ ಹೆಂಗಸು ತಲೆ ಎತ್ತಿ, ಸಿಸ್ಟರ್, ಮಗು ತೋರಿಸಿ ಅನ್ನುತ್ತಿದ್ದಳು. ಕನ್ನಡಕವನ್ನು ಗೂಟಕ್ಕೆ ಸಿಕ್ಕಿಸುವಾಗಲೂ ಒಳಗಿಂದ ಸಣ್ಣಗೆ ಆ ದನಿ ಬರುತ್ತಿತ್ತು. ಮುಂದಿನವಳು ಹಾಕಿಕೊಂಡರೆ ಅವಳಿಗೆ ಮತ್ತೆ ನೋವು ಶುರು.

ಗಡಿಬಿಡಿಗೆ ತರಗತಿಗೇ ಹೆಚ್ಚು ಅಂಕ. ಹಾಗಾಗಿ ವಾರ್ಡಿಗೆ ಮೊದಲು ಹೋದವಳೂ ಅವಳೇ.

ಬಾವಿಯ ಹತ್ತಿರ ದನಿ ಕೇಳಿದ ದಿನವೇ ಅವಳ ಮೊದಲ ನಿಜವಾದ ಹೆರಿಗೆ ಆಗಿತ್ತು. ಚೊಚ್ಚಲ ಹೆರಿಗೆ, ಹೆಣ್ಣುಮಗು. ಏನೂ ತೊಂದರೆ ಇರಲಿಲ್ಲ. ವಾರ್ಡಿನ ಹಿರಿಯ ಸಿಸ್ಟರ್ ಪರದೆಯಾಚೆ ಪಕ್ಕದ ಮಂಚದವಳನ್ನು ನೋಡುತ್ತಿದ್ದರು. ಮಗು ಬಂತು, ಅತ್ತಿತು. ಗಡಿಬಿಡಿ ಹೊಕ್ಕುಳುಬಳ್ಳಿ ಕತ್ತರಿಸಿ ಮಗುವನ್ನು ಬೆಚ್ಚನೆಯ ತೊಟ್ಟಿಲಲ್ಲಿಟ್ಟಳು. ಆಮೇಲೆ... ಅವಳ ಬಲಗೈ ತಾನಾಗಿ ಹಣೆಗೆ ಹೋಯಿತು. ಕನ್ನಡಕ ಕೀಳಲು. ಅಲ್ಲಿ ಕನ್ನಡಕ ಇರಲಿಲ್ಲ, ಉಗುರು ಬರಿಯ ಹಣೆಯನ್ನು ಗೀರಿತು. ಆದರೂ ಅವಳು ತಿರುಗಿ ಕೈ ತೊಳೆಯಲು ಹೊರಗೆ ನಡೆದೇಬಿಟ್ಟಳು. ಹಿಂದಿನಿಂದ ಆ ತಾಯಿ ಕರೆದಿದ್ದಳು, ಮಗು ತೋರಿಸಿ ಅಂತ. ಗಡಿಬಿಡಿಗೆ ಕೇಳಿಸಿರಲಿಲ್ಲ ಅಂತಲ್ಲ. ಕೇಳಿಸಿತು. ದಿನಾ ಕೇಳಿಸುವ ಹಾಗೆ, ಯಾವುದೋ ಯಂತ್ರ ತನ್ನ ಪಾಡಿಗೆ ಗೊಣಗಿದ ಹಾಗೆ ಕೇಳಿಸಿತು.

ಹಿರಿಯ ಸಿಸ್ಟರ್ ಬರುವಷ್ಟರಲ್ಲಿ ಆ ತಾಯಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳಂತೆ. ಅಷ್ಟು ಹೊತ್ತಿಗೆ ಮಗುವೂ ಅಳು ನಿಲ್ಲಿಸಿತ್ತು. ಯಾರೂ ಮಾತಾಡದೆ ಹೋದದ್ದು ನೋಡಿ, ಮಗು ಉಳಿಯಲಿಲ್ಲ ಅಂದುಕೊಂಡುಬಿಟ್ಟಿದ್ದಳು.

ಸಿಸ್ಟರ್ ಕೂಗಾಡಲಿಲ್ಲ. ನಲ್ಲಿಯ ಹತ್ತಿರ ಬಂದು ಮೆಲ್ಲಗೆ ಅಂದರು, "ಇನ್ನೊಂದ್ಸಲ ಹೀಗಾದ್ರೆ ನಿನ್ನನ್ನ ವಾಪಸ್ ಕಳಿಸ್ತೀನಿ. ನಿನ್ನ ಕೈ ಚೆನ್ನಾಗಿದೆ, ಮನಸ್ಸು ಮಾತ್ರ ಅಲ್ಲಿರಲ್ಲ, ಅದಕ್ಕೇ ಭಯ ನಂಗೆ."

ಇದಾದ ರಾತ್ರಿಯೇ ಬಾವಿಯ ಹತ್ತಿರದ ಸಂಗತಿ.

ಅವಳು ತಿರುಗಿ ನೋಡಿದಳು. ಯಾಕೆ ನೋಡಿದಳೋ. ಬಾವಿಕಟ್ಟೆಯ ಮೇಲೆ ಆಸ್ಪತ್ರೆಯ ಗೌನು ತೊಟ್ಟ ಹೆಂಗಸು ಕೂತಿದ್ದಳು. ಕೂದಲು ಹಣೆಗೆ ಅಂಟಿತ್ತು. ಎರಡೂ ಕೈ ಮುಂದಕ್ಕೆ ಚಾಚಿದ್ದಳು, ಏನನ್ನೋ ಇಸಿದುಕೊಳ್ಳುವವಳ ಹಾಗೆ. ಕನ್ನಡಕದೊಳಗೆ ಅವಳಿಗಿರುವುದು ಕೆಲವೇ ಮಾತು, ಅವೆಲ್ಲ ಗಡಿಬಿಡಿಗೆ ಬಾಯಿಪಾಠ. ಈಗ ಅವಳಾಡಿದ ಮಾತು ಅವುಗಳಲ್ಲಿ ಇರಲಿಲ್ಲ.

"ಎಷ್ಟು ಸಲ ಹೆತ್ತೆ ನಾನು... ಒಬ್ಬರೂ ಮುಖ ತೋರಿಸ್ಲಿಲ್ಲ."

ಗಡಿಬಿಡಿ ಮನೆ ಸೇರಿದ್ದು ಹೇಗೋ ಅವಳಿಗೇ ಗೊತ್ತಿಲ್ಲ. ಚಪ್ಪಲಿ ಒಂದೇ ಕಾಲಲ್ಲಿತ್ತು. ಚಿಕ್ಕಮ್ಮ ನಾಯಿ ಅಟ್ಟಿಸಿಕೊಂಡು ಬಂತೇನೋ ಅಂದುಕೊಂಡಳು. ಮಾರನೇ ದಿನದಿಂದ ಗಡಿಬಿಡಿ ಸುತ್ತುಬಳಸಿನ ದಾರಿ ಹಿಡಿದಳು. ಪ್ರಯೋಜನ ಇಲ್ಲ... ಅಲ್ಲಿಯೂ ಪಚ್, ಪಚ್. ರಾತ್ರಿ ನೀರು ಕುಡಿಯಲು ಎದ್ದರೆ ಅಡುಗೆಮನೆಯ ಕತ್ತಲಲ್ಲಿ ಯಾರೋ ತಡೆತಡೆದು ಉಸಿರು ಬಿಡುವ ಸದ್ದು. ವಾರ್ಡಿನಲ್ಲಿ ಹತ್ತಿ ಹಿಡಿದರೂ ಕೈ ನಡುಗತೊಡಗಿತು. ಇಂಥ ಕೈಯಲ್ಲಿ ಮಗುವನ್ನು ಹಿಡಿಯುವುದು ಹೇಗೆ? ಮುಂದಿನ ಹೆರಿಗೆಗೆ ಕರೆ ಬಂದರೆ ತಾನು ಮಗುವನ್ನು ಬೀಳಿಸುತ್ತೇನೆ, ಇಲ್ಲವೇ ಮತ್ತೆ ಬೆನ್ನು ತಿರುಗಿಸಿ ಹೋಗುತ್ತೇನೆ ಅನ್ನಿಸಿ ಅವಳಿಗೆ ಊಟ ಸೇರದಾಯಿತು. ಈ ಕೆಲಸ ಬಿಟ್ಟರೆ ಬೇರೆ ಏನನ್ನೂ ಅವಳು ಇಷ್ಟಪಟ್ಟವಳಲ್ಲ.

ಕೊನೆಗೆ ಕನ್ನಡಕದ ಕೋಣೆ ನೋಡಿಕೊಳ್ಳುವವನ ಹತ್ತಿರ ಹೇಳಿಕೊಂಡಳು. ಅವನನ್ನು ಎಲ್ಲರೂ ಮಿಷಿನ್ ಅಣ್ಣ ಅನ್ನುತ್ತಿದ್ದರು. ಅವನು ನಗುತ್ತಾನೆ ಅಂದುಕೊಂಡಿದ್ದಳು. ಅವನು ನಗಲಿಲ್ಲ. ಸಂಜೆ ಬಾಗಿಲು ಹಾಕುವಾಗ ದನಿ ಕೇಳೀತು ಅಂತ ಗೂಟದ ಕಡೆ ನೋಡದೆ ಬೀಗ ಹಾಕುವುದು ತನಗೂ ರೂಢಿಯಾಗಿದೆ ಅಂದ. ಹಾಗಾದರೆ ಒಂದು ಸಲ ಪೂರ್ತಿ ನಿಂತು ಮಗು ತೋರಿಸಿಬಿಡುತ್ತೇನೆ, ಇವತ್ತೇ, ಎಲ್ಲರೂ ಹೋದ ಮೇಲೆ ಅಂದಳು ಇವಳು.

ಮಿಷಿನ್ ಅಣ್ಣ ಕೈಯಲ್ಲಿದ್ದ ಬೀಗದ ಕೈಯನ್ನು ಮೇಜಿನ ಮೇಲಿಟ್ಟ.

"ತೋರಿಸೋಕೆ ಏನಿದೆ ಕಣಮ್ಮ," ಅಂದ ಆಮೇಲೆ. "ಆ ಮಗುಗೆ ಮುಖಾನೇ ಮಾಡಿಲ್ಲ. ನೆತ್ತಿ, ಬೆನ್ನು, ಕೈಕಾಲು ಎಲ್ಲ ಮಾಡಿದ್ದಾರೆ. ಮುಖ ಕೆಳಗಿರುತ್ತೆ, ಯಾರೂ ತಿರುಗಿಸಿ ನೋಡಲ್ಲ ಅಂತ... ಬಿಟ್ಟುಬಿಟ್ಟಿದ್ದಾರೆ."

ಅದನ್ನು ಕೇಳಿದಳು. ಆದರೂ ಹೋದಳು. ತೋರಿಸದೆ ಹೋದವರ ಸಾಲಿನಲ್ಲಿ ತಾನೇ ಮುಂದೆ ನಿಂತವಳು ಅಂತ ಅವಳಿಗೆ ಗೊತ್ತಿತ್ತು.

ಎಲ್ಲರೂ ಹೋದ ಮೇಲೆ ಕನ್ನಡಕ ಹಾಕಿಕೊಂಡಳು. ಮಿಷಿನ್ ಅಣ್ಣ ಬಾಗಿಲ ಹತ್ತಿರದ ಕುರ್ಚಿಯಲ್ಲಿ. ಅದೇ ಮಂಚ, ಅದೇ ದೀಪ. ಹೆಂಗಸು ನರಳಿದಳು. ಅವತ್ತು ಗಡಿಬಿಡಿ ಅವಸರ ಮಾಡಲಿಲ್ಲ. ಹೆಂಗಸಿನ ಜೊತೆ ಮಾತಾಡಿದಳು, ಬೆವರು ಒರೆಸಿದಳು. ಮಗು ಬಂತು, ಅತ್ತಿತು. ಹಸಿರು ಅಂಕ ಬಿತ್ತು. ಬಲಗೈ ಹಣೆಗೆ ಏಳುತ್ತಿತ್ತು... ತಡೆದುಕೊಂಡಳು.

"ಸಿಸ್ಟರ್, ಮಗು ತೋರಿಸಿ."

"ತೋರಿಸ್ತೀನಿ ಅಕ್ಕಾ," ಅಂದಳು.

ಮಗುವನ್ನು ಎತ್ತಿದಳು. ಎತ್ತಿದಾಗ ಹಿಡಿಕೆ ಅದುರಲಿಲ್ಲ. ತೂಕ ಬಂತು. ತೋಳಿನ ಮೇಲೆ ಬೆಚ್ಚಗೆ, ಒದ್ದೆ ಒದ್ದೆಯಾಗಿ, ಒಂದು ಮಗುವಿನಷ್ಟು ತೂಕ. ಮೈ ಜುಮ್ಮೆಂದಿತು. ಆದರೂ ತಿರುಗಿಸಿದಳು. ಮಿಷಿನ್ ಅಣ್ಣ ಹೇಳಿದ್ದು ನಿಜ. ಕಿವಿಯಿಂದ ಕಿವಿಯವರೆಗೆ ಬರಿಯ ಚರ್ಮ... ನುಣ್ಣಗೆ, ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಎಲ್ಲಿಂದ ಅಳುತ್ತಿತ್ತೋ, ಅಳುತ್ತಿತ್ತು.

ಹೆಂಗಸು ಕೈ ಚಾಚಿದ್ದಳು.

ಈಗ ಕನ್ನಡಕ ಕಿತ್ತು ಓಡಬಹುದಿತ್ತು. ಮಿಷಿನ್ ಅಣ್ಣ ಬಾಗಿಲ ಕಡೆಯಿಂದ ಬೇಡಮ್ಮ, ಬಂದುಬಿಡು ಅನ್ನುತ್ತಿದ್ದ. ಗಡಿಬಿಡಿ ಬಗ್ಗಿ ಮಗುವನ್ನು ಹೆಂಗಸಿನ ಎದೆಯ ಮೇಲೆ ಮಲಗಿಸಿದಳು. ಬೀಳದಿರಲಿ ಅಂತ ಎರಡೂ ಕೈಯನ್ನು ಅದರ ಸುತ್ತ ಒತ್ತಿ ಹಿಡಿದಳು. ಹೆಂಗಸು ಅದರ ಗಲ್ಲ ಇರಬೇಕಾದ ಕಡೆ ಬೆರಳಿಟ್ಟು ಮೇಲೆತ್ತಿ ನೋಡಿದಳು. ತುಂಬ ಹೊತ್ತು ನೋಡಿದಳು. ಗಡಿಬಿಡಿಗೆ ಅಳು ಒತ್ತರಿಸಿ ಬಂತು. ಏನಂತ ಹೇಳುವುದು ಈ ತಾಯಿಗೆ?

ಹೆಂಗಸು ಮೆಲ್ಲಗೆ ಅಂದಳು.

"ಮೂಗು ಅವರಪ್ಪಂದೇ."

ಅಳು ನಿಂತಿತು. ಆಮೇಲೆ ಸಣ್ಣ ಸದ್ದು... ಚಪ್... ಚಪ್... ಚಪ್... ನಡುವೆ ಒಂದು ಗುಟುಕು. ಬಾಯಿಲ್ಲದ ಮಗು ಹಾಲು ಕುಡಿಯುತ್ತಿತ್ತು. ಗಡಿಬಿಡಿ ಕೈ ತೆಗೆಯಲಿಲ್ಲ. ಹೆಂಗಸು ಕಣ್ಣು ಮುಚ್ಚುವವರೆಗೆ ಹಾಗೇ ಬಗ್ಗಿ ನಿಂತಿದ್ದಳು. ಬಾಗಿಲ ಹತ್ತಿರವಿದ್ದ ಮಿಷಿನ್ ಅಣ್ಣನಿಗೆ ಕಂಡದ್ದು ಇಷ್ಟೇ. ಖಾಲಿ ಕೋಣೆಯ ಮಧ್ಯೆ ಹುಡುಗಿಯೊಬ್ಬಳು ಭಾರ ಹೊತ್ತವಳ ಹಾಗೆ ಬಗ್ಗಿದ್ದಳು.

ಆ ರಾತ್ರಿ ಬಾವಿಯ ದಾರಿಯಲ್ಲೇ ಮನೆಗೆ ಬಂದಳು. ಹಿಂದೆ ಯಾರೂ ಬರಲಿಲ್ಲ. ಆಮೇಲೆ ಅವಳ ಕೈ ನಡುಗಲಿಲ್ಲ. ಈಗಲೂ ವಾರ್ಡಿನಲ್ಲೇ ಇದ್ದಾಳೆ. ಮಗು ಬಂದ ಕೂಡಲೇ ಬೇರೆ ಎಲ್ಲ ಬಿಟ್ಟು ಮೊದಲು ತಾಯಿಗೆ ಮುಖ ತೋರಿಸುತ್ತಾಳೆ. ನಿಧಾನಕ್ಕೆ ತೋರಿಸುತ್ತಾಳಂತೆ, ನಮ್ಮ ಗಡಿಬಿಡಿ.

ಇದೆಲ್ಲ ತಲೆಯೊಳಗಿನ ಆಟ, ಕನ್ನಡಕದ ಮಾಯೆ ಅಂತ ನೀವು ಅನ್ನಬಹುದು. ಚಿಕ್ಕಮ್ಮನಿಗೂ ಅವಳು ಏನನ್ನೂ ಹೇಳಿರಲಿಲ್ಲ. ಆ ರಾತ್ರಿಯ ಮಾರನೇ ಬೆಳಗ್ಗೆ ಚಿಕ್ಕಮ್ಮ ಮಗಳ ಬಿಳಿ ಕೋಟನ್ನು ಒಗೆಯಲು ನೆನೆಸುವಾಗ ಎರಡೂ ತೋಳಿನ ತುದಿ ಗಟ್ಟಿಯಾಗಿ ಅಂಟಿಕೊಂಡಿತ್ತು, ತೆಳು ಹಳದಿ ಬಣ್ಣ. ಮೂಸಿ ನೋಡಿದಳು. ಚಿಕ್ಕಮ್ಮ ಮೂರು ಹೆತ್ತವಳು, ಹೆತ್ತ ಕೂಡಲೇ ಬರುವ ಮೊದಲ ಹಾಲಿನ ಕಲೆಯನ್ನು ಅವಳಿಗೆ ಯಾರೂ ಗುರುತು ಹೇಳಿಕೊಡಬೇಕಾಗಿಲ್ಲ. ಒಳಗೆ ಬಂದು, ನಿನ್ನೆ ಯಾರಿಗೆ ಹೆರಿಗೆಯಾಯಿತು ಅಂತ ಕೇಳಿದಳು.

ಹಿಂದಿನ ದಿನ ಗಡಿಬಿಡಿ ವಾರ್ಡಿಗೆ ಹೋಗಿರಲೇ ಇಲ್ಲ. ಆ ಕೋಟು ಹಿಂಡಿದ ಕೈ ನಮ್ಮ ಚಿಕ್ಕಮ್ಮನದು, ಬೇಕಾದರೆ ಅವಳನ್ನೇ ಕೇಳಿ.