ಬ್ರೇಕ್ ಮೇಲಿನ ಕಾಲು

ಲೈಟು ಸ್ವಲ್ಪ ಸಣ್ಣ ಮಾಡಿ. ಇದು ನನ್ನ ದೊಡ್ಡಮ್ಮನ ಮಗನಿಗೇ ಆದದ್ದು, ಯಾರೋ ಕಟ್ಟಿದ ಕತೆ ಅಲ್ಲ...

ಆವತ್ತು ಸರಿರಾತ್ರಿ ಅವನು ಬಾವಿ ದಾಟಿ ಒಬ್ಬನೇ ನಡ್ಕೊಂಡು ಬಂದ. ಓಡಿಸಿ ನೋಡೋಣ ಅಂತ ತಗೊಂಡು ಹೋದ ಕಾರು ಬಾವಿ ತಿರುವಲ್ಲೇ ನಿಂತುಬಿಟ್ಟಿತ್ತು. ಹಳೇ ಬಾವಿ. ಕಟ್ಟೆಗೆ ಒಂದು ಕಡೆ ಮಾತ್ರ ಹೊಸ ಸಿಮೆಂಟು. ಬೆನ್ನ ಹಿಂದೆ ಇಂಜಿನ್ ತಣ್ಣಗಾಗೋ ಸದ್ದು... ಟಿಕ್... ಟಿಕ್... ಬೆಳಿಗ್ಗೆ ಹೋಗಿ ಕೀ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟು.

ಅವನನ್ನ ಎಲ್ಲರೂ ವೈರಣ್ಣ ಅಂತಾರೆ. ಕಾರಿಗೆ ಲ್ಯಾಪ್‌ಟಾಪಿನ ವೈರು ಸಿಕ್ಕಿಸಿ, ಇಂಜಿನ್ ನಡೆಸೋ ಕಂಪ್ಯೂಟರ್ ಡಬ್ಬದ ಸಾಫ್ಟ್‌ವೇರ್ ಬದಲಾಯಿಸಿ, ಗಾಡಿಯ ಎಳೆತ ಹೆಚ್ಚು ಮಾಡೋದು ಅವನ ಕಸುಬು. ಈ ಕಾರು ಭಾವಂದು. ಅಕ್ಕ ತುಂಬು ಬಸುರಿ, ಆಸ್ಪತ್ರೆಗಿರೋದು ಬಾವಿ ರಸ್ತೆ ಒಂದೇ, ಆಮೇಲೆ ದೊಡ್ಡ ಏರು. ಗಾಡಿ ಚೆನ್ನಾಗಿ ಎಳೀಲಿ ಅಂತ ಇವನೇ ಮೇಲೆ ಬಿದ್ದು ಮಾಡಿದ್ದು.

ಮೊದಲು ಹಳೇ ಸಾಫ್ಟ್‌ವೇರಿನ ಕಾಪಿ ತೆಗೆದಿಟ್ಕೋಬೇಕು, ಆಮೇಲೆ ಹೊಸದು ಹಾಕಬೇಕು. ಆವತ್ತು ಕಾಪಿ ಅರ್ಧಕ್ಕೇ ನಿಂತುಬಿಡ್ತಿತ್ತು. ಸೋಮಾರಿತನ ನೋಡಿ... ಗುಜರಿಯಿಂದ ತಂದಿದ್ದ ಅದೇ ಮಾಡೆಲ್ಲಿನ ಡಬ್ಬ ಕೈಗೆ ಸಿಕ್ತು. ಅದರೊಳಗಿದ್ದದ್ದನ್ನೇ ತಿದ್ದಿ ಭಾವನ ಕಾರಿಗೆ ಹಾಕಿದ. ಬೇರೆಲ್ಲ ಕಡೆ ಜಮ್ಮಂತ ಓಡ್ತು. ಬಾವಿ ತಿರುವಲ್ಲಿ ಮಾತ್ರ ಗುಡುಗುಡು... ಟಪ್.

“ನಿನ್ನ ಕೈಗೆ ಕೊಟ್ನಲ್ಲ, ನನಗೆ ಬುದ್ಧಿ ಇಲ್ಲ” ಅಂದ ಭಾವ.

ಇಂಜೆಕ್ಟರ್ ನೋಡಿದ, ಫಿಲ್ಟರ್ ಬದಲಾಯಿಸಿದ, ಗಾಳಿ ಪೈಪು ಬಿಚ್ಚಿ ಹಾಕಿದ. ಸ್ಕ್ಯಾನರಿನಲ್ಲಿ ಒಂದೂ ಫಾಲ್ಟ್ ಇಲ್ಲ. ಕೊನೆಗೆ ಒಂದು ರಾತ್ರಿ ಲ್ಯಾಪ್‌ಟಾಪ್ ಪಕ್ಕದ ಸೀಟಲ್ಲಿಟ್ಕೊಂಡು ಅದೇ ತಿರುವಿಗೆ ಹೋದ. ಟಪ್. ನಿಂತಿತು. ಪರದೆ ನೋಡಿದ. ಎಕ್ಸಲೇಟರ್ ಒತ್ತಿದೆ... ಸರಿ, ಅದು ಇವನ ಕಾಲು. ಬ್ರೇಕೂ ಒತ್ತಿದೆ. ಎರಡೂ ಒಟ್ಟಿಗೆ ಒತ್ತಿದರೆ ಕಂಪ್ಯೂಟರ್ ಇಂಜಿನ್ನಿನ ಬಲ ಇಳಿಸುತ್ತೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಬ್ರೇಕ್ ಮೇಲೆ ಇವನು ಕಾಲೇ ಇಟ್ಟಿರಲಿಲ್ಲ.

ಬಗ್ಗಿ ಕೈಯಿಂದ ಮುಟ್ಟಿದ. ಬ್ರೇಕ್ ಪೆಡಲ್ ತಳಕ್ಕಿಳಿದಿತ್ತು. ಎತ್ತಿದರೆ ಬರಲಿಲ್ಲ. ಒದ್ದೆ... ಕನ್ನಡಿ ನೋಡಿದರೆ, ಹಿಂದೆ ಬಾವಿ ಕಟ್ಟೆ ಮೇಲೆ ಬ್ರೇಕ್ ಲೈಟಿನ ಕೆಂಪು ಬಿದ್ದಿತ್ತು.

ಗುಜರಿಯವನಿಗೆ ಫೋನ್ ಮಾಡಿದ. ಪಿಸುಗುಟ್ಟಿದ.

“ಆ ಡಬ್ಬ... ಯಾವ ಗಾಡಿದು?”

“ತಿರುವಿನ ಬಾವಿಯಿಂದ ಎತ್ತಿದರಲ್ಲ, ಅದೇ. ಒಣಗಿಸಿ ಇಟ್ಟಿದ್ದೆ. ಯಾಕೆ?”

“ಓಡಿಸ್ತಿದ್ದವನು?”

ಅವನೂ ದನಿ ಇಳಿಸಿದ. “ಒಳಗೇ ಇದ್ದ. ಕಾಲು ಬ್ರೇಕ್ ಮೇಲೇ ಇತ್ತಂತೆ... ಬಿಡಿಸೋಕೆ ಕಷ್ಟ ಆಯ್ತಂತೆ.”

ಫೋನ್ ಇಟ್ಟ ತಕ್ಷಣ ಭಾವನ ಕರೆ. “ನಿಮ್ಮಕ್ಕಂಗೆ ನೋವು ಶುರುವಾಗಿದೆ. ಎಲ್ಲಿ ಹಾಳಾಗಿ ಹೋಗಿದೀಯ? ಗಾಡಿ ತಾ.”

ಕೀ ತಿರುಗಿಸಿದ. ಸ್ಟಾರ್ಟ್ ಆಯ್ತು. ಮನೆ ಕಡೆ ವಾಪಸ್ ಹೋಗೋವಾಗ ಯಾರೂ ತಡೀಲಿಲ್ಲ.

ಅಕ್ಕನನ್ನ ಹಿಂದಿನ ಸೀಟಲ್ಲಿ ಮಲಗಿಸಿಕೊಂಡು ಮತ್ತೆ ಅದೇ ರಸ್ತೆ. ತಿರುವು ಬಂತು. ಗುಡುಗುಡು... ಟಪ್. ಅಕ್ಕ ನರಳಿದಳು. ಭಾವ ಬಾಯಿಗೆ ಬಂದದ್ದು ಬೈದ. ವೈರಣ್ಣನ ಬಲಗಾಲಿಗೆ ಪಕ್ಕದಿಂದ ಏನೋ ತಣ್ಣಗೆ ತಾಗ್ತಿತ್ತು. ಹೆದರಿಕೆಗೆ ಅಳುವೇ ಬಂತು. ಕೆಳಗೆ ನೋಡದೆ, ತಲೆ ಸ್ಟೀರಿಂಗಿಗೆ ಆನಿಸಿ, ಮೆಲ್ಲಗೆ ಅಂದ:

“ಅಣ್ಣಾ... ನಿಧಾನ ಹೋಗ್ತೀನಿ. ನೋಡ್ಕೊಂಡು ತಿರುಗಿಸ್ತೀನಿ. ಕಾಲು ತೆಗಿಯಣ್ಣ. ಹಿಂದೆ ನಮ್ಮಕ್ಕ ಇದಾಳೆ.”

“ಯಾರ ಹತ್ರ ಮಾತಾಡ್ತಿದೀಯ?” ಅಂದ ಭಾವ.

ಉಸ್ಸ್... ಅಂತ ಉಸಿರು ಬಿಟ್ಟ ಸದ್ದು. ಟಕ್ ಅಂತ ಪೆಡಲ್ ಮೇಲೆ ಬಂತು.

ಮಗು ಚೆನ್ನಾಗಿದೆ. ಹೆಣ್ಣು, ಪಾಪ, ಸೋದರಮಾವನ ಮೂಗು ಬಂದಿದೆ. ವೈರಣ್ಣ ಸರಿಯಾದ ಸಾಫ್ಟ್‌ವೇರ್ ತರಿಸಿ ಹಾಕಿದ, ಡಬ್ಬ ಗುಜರಿಗೇ ವಾಪಸ್ ಕೊಟ್ಟ. ಕಾರು ಈಗ ಎಲ್ಲೂ ನಿಲ್ಲಲ್ಲ. ನೀವು ನಂಬಿ, ಬಿಡಿ. ಮೊನ್ನೆ ಮಧ್ಯಾಹ್ನ ಸುಡು ಬಿಸಿಲಲ್ಲಿ ನಿಂತಿದ್ದ ಆ ಕಾರಿನ ಬಾಗಿಲು ತೆಗೆದು, ನನ್ನ ಇದೇ ಕೈ ಇಟ್ಟು ನೋಡಿದೆ. ಉಳಿದ ಮ್ಯಾಟೆಲ್ಲ ಕಾದು ಬಿಸಿ. ಬ್ರೇಕ್ ಕೆಳಗಿನ ಜಾಗ ಮಾತ್ರ ಇನ್ನೂ ಒದ್ದೆ.